ಇನ್ವರ್ಟರಿನ ಜ್ವರ

ಯಾರ ಮನೆಗೆ ಹೋದರೂ ಮೂಲೆಯಲ್ಲಿ ಇನ್ವರ್ಟರು ಕಂಡರೆ ಮುಟ್ಟಿ ನೋಡುವ ಚಟ ನನಗಿದೆ. ಅಂಗೈಯಿಂದಲ್ಲ, ಮಕ್ಕಳ ಜ್ವರ ನೋಡುವಂತೆ ಕೈಯ ಹಿಂಬದಿಯಿಂದ. ಮೊನ್ನೆ ಹುಬ್ಬಳ್ಳಿಯ ಬೀಗರ ಮನೆಗೆ ಊಟಕ್ಕೆ ಹೋದಾಗಲೂ ಹಾಗೇ ಆಯಿತು. ಎಲೆ ಹಾಕಿದ್ದಾರೆ, ಎಲ್ಲರೂ ಕೂತಿದ್ದಾರೆ, ನಾನೊಬ್ಬಳು ಪಡಸಾಲೆಯ ಮೂಲೆಯಲ್ಲಿ ಬಗ್ಗಿ ನಿಂತಿದ್ದೇನೆ. "ಏನಾತ್ರೀ?" ಎಂದು ಬೀಗಿತ್ತಿ ಗಾಬರಿಯಿಂದ ಕೇಳಿದರು. "ಏನಿಲ್ರೀ, ತಣ್ಣಗ ಅದ" ಎಂದೆ. ಅವರು ನನ್ನ ಗಂಡನ ಮುಖ ನೋಡಿದರು. ಗಂಡ ಎಲೆಯ ತುದಿಗಿದ್ದ ಉಪ್ಪನ್ನು ನೋಡಿದರು.

ಇನ್ನೇನು ಮಾಡಿಯಾರು ಪಾಪ. ಈ ಚಟ ನನಗೆ ಅಂಟಿದ್ದೇ ಅವರಿಂದ.

ನಮ್ಮವರು ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದರು. ತೊಂಬತ್ತರ ದಶಕದಲ್ಲಿ ಧಾರವಾಡದಿಂದ ಗುಜರಾತಿಗೆ ವರ್ಗವಾಯಿತು. ಮೊದಲು ವಡೋದರಾ. ಅಲ್ಲಿ ಕ್ವಾರ್ಟರ್ಸಿತ್ತು, ಅಂಗಳದಲ್ಲಿ ಬೇವಿನ ಮರವಿತ್ತು, ಕರೆಂಟು ಹೋಗುತ್ತಿದ್ದುದು ಅಪರೂಪ. ಇಷ್ಟು ಸುಖವನ್ನು ಮನುಷ್ಯ ಎಷ್ಟು ದಿನ ಸಹಿಸಿಯಾನು? ಅಲ್ಲಿಂದ ಅಹಮದಾಬಾದಿಗೆ ಹಾಕಿದ ಕೂಡಲೇ ನಮ್ಮವರು ಸ್ವಂತ ಫ್ಲ್ಯಾಟು ಕೊಳ್ಳಬೇಕೆಂದು ಹಟ ಹಿಡಿದು ಅಲ್ಲಿಯದೇ ಹೊರವಲಯವಾದ ಬೋಪಾಲಿನಲ್ಲಿ ಒಂದನ್ನು ಕೊಂಡರು. ಇವತ್ತು ಬೋಪಾಲ್ ಎಂದರೆ ಆಕಾಶ ಮುಟ್ಟುವ ಕಟ್ಟಡಗಳು. ಆಗ ಅದು ಊರಾಚೆ. ಬಿಲ್ಡರ್ ಕೊಟ್ಟ ಬಣ್ಣದ ಚಿತ್ರದಲ್ಲಿ ಕಾರಂಜಿ, ಹುಲ್ಲುಹಾಸು, ಕೊಳದಲ್ಲಿ ಎರಡು ಹಂಸ ಇದ್ದವು. ನಾವು ಹೋಗಿ ನೋಡಿದಾಗ ಜಾಲಿಯ ಪೊದೆಗಳ ನಡುವೆ ನಮ್ಮದೊಂದೇ ಕಟ್ಟಡ, ಹಂಸಗಳಿರಬೇಕಾದಲ್ಲಿ ಎಮ್ಮೆಗಳು. ಅಹಮದಾಬಾದಿನ ಒಳಗೆ ಕರೆಂಟು ಹೋದರೆ ಸುದ್ದಿ, ನಮ್ಮಲ್ಲಿ ಬಂದರೆ ಸುದ್ದಿ.

ಅಂಥ ಜಾಗದಲ್ಲಿ ಕೂತು ನಾನು ಕಂಪ್ಯೂಟರಿನ ಕೆಲಸ ಹಿಡಿದೆ. ಊರೊಳಗಿನ ಬೋಡಕ್‌ದೇವ್ ಬಡಾವಣೆಯಲ್ಲಿ ಫಾಲ್ಗುಣಿಬೇನ್ ಎಂಬಾಕೆ ಒಂದು ಸಣ್ಣ ಆಫೀಸು ತೆರೆದಿದ್ದರು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಚಾರ ಬಾಯಲ್ಲಿ ಹೇಳುತ್ತಾರೆ, ಅದು ಕ್ಯಾಸೆಟ್ಟಾಗಿ ನಮ್ಮ ಕೈಗೆ ಬರುತ್ತದೆ, ನಾವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡಿ ಫ್ಲಾಪಿಯಲ್ಲಿ ವಾಪಸು ಕೊಡಬೇಕು. ಕ್ಯಾಸೆಟ್ಟು ನಿಲ್ಲಿಸಲು, ಓಡಿಸಲು ಕಾಲ ಕೆಳಗೊಂದು ಪೆಡಲು. ಮದುವೆಗೆ ಮುಂಚೆ ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡು, ಆಮೇಲೆ ಆ ಬೆರಳುಗಳಿಂದ ಬರೀ ಚಪಾತಿ ಲಟ್ಟಿಸಿದ್ದ ನನಗೆ ಈ ಕೆಲಸ ಎಷ್ಟು ದೊಡ್ಡದೆನಿಸಿತ್ತೆಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಮ್ಮವರು ಅದನ್ನೂ ಸುಧಾರಿಸಲು ಬರುತ್ತಿದ್ದರು.

ಹೇಳದಿದ್ದರೂ ಬಂದರು. ಮೊದಲ ವಾರದಲ್ಲೇ ಕರೆಂಟು ಹೋಗಿ ಯಾರದೋ ಎದೆನೋವಿನ ಪೂರ್ತಿ ವರದಿ ಪರದೆಯಿಂದ ಮಾಯವಾಯಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದನ್ನು ನಮ್ಮವರು ನೋಡಿದರು. ಅವರು ಓದಿದ್ದು ಇತಿಹಾಸದಲ್ಲಿ ಬಿ.ಎ. ಆದರೆ ಮನಸ್ಸಿನೊಳಗೆ ಅವರು ಹುಟ್ಟಾ ಎಂಜಿನಿಯರು. "ನಿನಗ ಒಂದು ಆಫೀಸ್ ಮಾಡಿಕೊಡ್ತೀನಿ, ಸುಮಾ" ಎಂದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅದೇ ಆಫೀಸಿನಲ್ಲಿ ದಿನಾಲೂ ಬೆವರಿಳಿದು ಕಣ್ಣು ತುಂಬುತ್ತಿತ್ತು.

ಪಶ್ಚಿಮಕ್ಕೆ ತೆರೆದಿದ್ದ ಬಾಲ್ಕನಿಗೆ ಅವರು ಸುತ್ತಲೂ ಅಲ್ಯುಮಿನಿಯಂ ಚೌಕಟ್ಟು ಕಟ್ಟಿಸಿ ಗಾಜು ಹಾಕಿಸಿದರು. ಗಾಳಿ ಬರುತ್ತಿದ್ದ ಏಕೈಕ ದಾರಿ ಮುಚ್ಚಿತು, ಸೂರ್ಯನಿಗೆ ಮಾತ್ರ ಬಾಗಿಲು ತೆರೆಯಿತು. ಒಳಗೊಂದು ಮೇಜು. ಕಂಪ್ಯೂಟರು ಒಮ್ಮೆಲೇ ಆರದಿರಲಿ ಎಂದು ಒಂದು ಯುಪಿಎಸ್ಸು. ಯುಪಿಎಸ್ಸಿನ ಆಯುಷ್ಯ ಕೆಲವೇ ನಿಮಿಷ, ಬೋಪಾಲಿನ ಕತ್ತಲೆಯ ಆಯುಷ್ಯ ಗಂಟೆಗಟ್ಟಲೆ, ಹೀಗಾಗಿ ಅದರ ಬೆನ್ನಿಗೆ ಒಂದು ಇನ್ವರ್ಟರು, ಇನ್ವರ್ಟರಿಗೆ ಲಾರಿಗೆ ಹಾಕುವಂಥ ಎರಡು ಬ್ಯಾಟರಿ. ಇಷ್ಟೂ ಸಂಸಾರವನ್ನು ನನ್ನ ಮೇಜಿನ ಕೆಳಗೆ, ಸರಿಯಾಗಿ ನನ್ನ ಕಾಲ ಪಕ್ಕ ಕೂಡಿಸಿದರು. "ವಾಯರ್ ಸಣ್ಣದಿದ್ದಷ್ಟೂ ಚಲೋ" ಎಂದರು. ಯಾರಿಗೆ ಚಲೋ ಎಂದು ನಾನು ಕೇಳಲಿಲ್ಲ. ಗುಂಯ್ ಎಂದು ಸದ್ದು ಮಾಡುತ್ತ ಅವು ಕಾಯತೊಡಗಿದವು. ಕನ್ನಡದಲ್ಲಿ ಕಾವು, ಝಳ, ಧಗೆ, ಬೇಗೆ, ಶೆಕೆ ಎಂದು ಎಷ್ಟೊಂದು ಮಾತುಗಳಿವೆ. ಒಂದೊಂದನ್ನೂ ಬೇರೆಬೇರೆಯಾಗಿ ಅನುಭವಿಸುವ ಭಾಗ್ಯ ನನ್ನದಾಯಿತು. ನಮ್ಮವರಿಗೆ ಗೊತ್ತಿದ್ದುದು ಒಂದೇ ಮಾತು, ಹೀಟ್ ಡಿಸಿಪೇಶನ್.

ಅದೃಷ್ಟಕ್ಕೆ ಆಗ ಚಳಿಗಾಲ. ಡಿಸೆಂಬರಿನಲ್ಲಿ ಅತ್ತೆಯವರು ಧಾರವಾಡದಿಂದ ಬಂದರು. ಅವರಿಗೆ ಮೊಣಕಾಲ ನೋವು, ಜೊತೆಗೆ ಸೊಸೆಯ ಕೆಲಸದ ಬಗ್ಗೆ ಅದಕ್ಕಿಂತ ದೊಡ್ಡ ನೋವು. "ಕಂಡವರ ರೋಗ ಕಿವ್ಯಾಗ ಹಾಕ್ಕೊಂಡು ಕೂಡೋದು, ಇದೆಂಥಾ ನೌಕರಿವಾ?" ಎಂದು ಬಂದ ದಿನವೇ ಕೇಳಿದರು. ನಾನು ಹೆಡ್‌ಫೋನ್ ಹಾಕಿಕೊಂಡೆ. ಈ ಕೆಲಸದಲ್ಲಿ ಅದೊಂದು ಸೌಕರ್ಯ.

ಒಂದು ಮುಂಜಾನೆ ಟೈಪು ಮಾಡುತ್ತಿದ್ದಾಗ ಕಾಲ ಬಳಿ ಏನೋ ಮೆತ್ತಗೆ ತಗುಲಿತು. ಬೆಕ್ಕು ಎಂದುಕೊಂಡು ಒದೆಯಲು ಹೋದವಳು ಸುದೈವದಿಂದ ಬಗ್ಗಿ ನೋಡಿದೆ. ಅತ್ತೆ. ಮಣೆ ಹಾಕಿಕೊಂಡು, ಎರಡೂ ಮೊಣಕಾಲನ್ನು ಇನ್ವರ್ಟರಿಗೆ ಆನಿಸಿ, ಕಣ್ಣು ಮುಚ್ಚಿ ಕೂತಿದ್ದರು.

"ಅತ್ತೀ, ಏನ್ ಮಾಡ್ಲಿಕತ್ತೀರಿ?"

"ಶಾಖ ತಗೊಳ್ಳಿಕತ್ತೀನಿ. ನಮ್ಮ ಮನ್ಯಾಗ ಬಚ್ಚಲ ಒಲಿ ಹಿಂದ ಹಿಂಗ ಬೆಚ್ಚಗ ಇರ್ತಿತ್ತು. ನೀ ಬರಕೋ, ನಾ ಏನು ಮಾತಾಡೂದಿಲ್ಲ."

ಅತ್ತೆ ಮಾತಾಡದೆ ಇರುವುದು ಎರಡು ನಿಮಿಷದ ವ್ರತ. "ಯಾರಿಗೇನಾಗೇದ?" ಎಂದು ಕೇಳಿದರು. ಒಬ್ಬ ಗಂಡಸಿನ ಮೊಣಕಾಲಿನ ಆಪರೇಶನ್ನು ಎಂದೆ. ಮೊಣಕಾಲು ಎಂದದ್ದೇ ತಪ್ಪಾಯಿತು. ಎಲ್ಲಿ ಕೊಯ್ದರು, ಏನು ಕೂಡಿಸಿದರು, ಎಷ್ಟು ದಿನಕ್ಕೆ ನಡೆದ, ಎಲ್ಲವನ್ನೂ ಕನ್ನಡದಲ್ಲಿ ಹೇಳಬೇಕಾಯಿತು. ಮರುದಿನ ನಾನು ಕುರ್ಚಿ ಎಳೆಯುವ ಮೊದಲೇ ಅವರ ಮಣೆ ಬಂದಿತ್ತು. ರೋಗಿಗಳ ವಿಚಾರ ಹೊರಗೆ ಆಡಕೂಡದೆಂದು ಫಾಲ್ಗುಣಿಬೇನ್ ಕಟ್ಟಪ್ಪಣೆ ಮಾಡಿದ್ದರು. ಆದರೆ ಕ್ಯಾಸೆಟ್ಟಿನಲ್ಲಿ ರೋಗಿಗಳ ಹೆಸರಿನ ಬದಲು ಬರೀ ನಂಬರು ಇರುತ್ತಿತ್ತು, ಅತ್ತೆಗೆ ಧಾರವಾಡದ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಅಮೆರಿಕದ ಗುಟ್ಟಿಗೆ ಇದಕ್ಕಿಂತ ಭದ್ರವಾದ ತಿಜೋರಿ ಅಮೆರಿಕದಲ್ಲೂ ಇರಲಿಕ್ಕಿಲ್ಲ.

ಹೆಸರಿಲ್ಲದವರಿಗೆ ಅತ್ತೆಯೇ ಹೆಸರಿಟ್ಟರು. ಎದೆನೋವಿನವನು ಭೀಮಪ್ಪ. ಸಕ್ಕರೆ ಕಾಯಿಲೆಯಿದ್ದೂ ಕೇಕು ಬಿಡದವಳು ಹೊಟ್ಟಿಬಾಕ ಶಾಂತಾ. ಊಟಕ್ಕೆ ಕೂತಾಗ ಅತ್ತೆ ಅವರೆಲ್ಲರ ಯೋಗಕ್ಷೇಮ ವಿಚಾರಿಸುವರು. ನಮ್ಮವರು ಒಂದು ದಿನ, "ಈ ಭೀಮಪ್ಪ ಯಾರು, ನಮ್ಮ ಕಡೆಯವರೇನು?" ಎಂದು ಕೇಳಿಯೇ ಬಿಟ್ಟರು. ಅತ್ತೆ, "ಹೂಂ, ದೂರದವರು" ಎಂದರು.

ಹೋಳಿ ಕಳೆಯಿತು. ಅಹಮದಾಬಾದಿನ ಬಿಸಿಲು ಹೇಗಿರುತ್ತದೆಂದು ವರ್ಣಿಸಲು ಹೋಗುವುದಿಲ್ಲ. ನಮ್ಮ ಎಮ್ಮೆಗಳು ಕೂಡ ಮಧ್ಯಾಹ್ನ ಕಟ್ಟಡದ ನೆರಳಿಗೆ ಬಂದು ನಿಲ್ಲುತ್ತಿದ್ದವು ಎಂದರೆ ಸಾಕು. ಅವಕ್ಕಿದ್ದ ಬುದ್ಧಿ ನನಗಿರಲಿಲ್ಲ, ನಾನು ಗಾಜಿನೊಳಗೆ ಕೂತಿದ್ದೆ. ಮೇಲಿಂದ ಸೂರ್ಯ, ಕೆಳಗಿಂದ ಬ್ಯಾಟರಿ. ಮೇಜಿನ ಮೇಲೆ ಟೇಬಲ್ ಫ್ಯಾನು ಇಟ್ಟರೆ ಅದು ಕಿವಿಯ ಪಕ್ಕದಲ್ಲೇ ಬೊರೋ ಎನ್ನುತ್ತಿತ್ತು. ಮೊದಲೇ ಗೊಣಗುವ ಡಾಕ್ಟರು, ಫ್ಯಾನು ಬೇರೆ ಸೇರಿದರೆ ಒಂದಕ್ಷರ ತಿಳಿಯದು. ಒಮ್ಮೆ ಎಡಗಾಲನ್ನು ಬಲಗಾಲೆಂದು ಟೈಪು ಮಾಡಿ ಫಾಲ್ಗುಣಿಬೇನರಿಂದ ಸಕ್ಕರೆಯಲ್ಲಿ ಅದ್ದಿದ ಬೈಗುಳ ತಿಂದ ಮೇಲೆ ಫ್ಯಾನು ಬಿಟ್ಟೆ.

ಆಗ ನನಗೆ ನಮ್ಮಪ್ಪನ ನೆನಪಾಯಿತು. ಅಪ್ಪ ಹೈಸ್ಕೂಲು ಮಾಸ್ತರರು. ಬೇಸಿಗೆ ರಜೆಯಲ್ಲಿ ಪರೀಕ್ಷೆಯ ಪೇಪರು ತಿದ್ದುವಾಗ ತಣ್ಣೀರಿನ ಬಕೀಟಿನಲ್ಲಿ ಎರಡೂ ಕಾಲು ಇಳಿಬಿಟ್ಟು ಕೂಡುತ್ತಿದ್ದರು. ಒಳ್ಳೆಯ ಉತ್ತರ ಬಂದರೆ ನೀರಲ್ಲಿ ಹೆಬ್ಬೆರಳು ಆಡಿಸುವರು, ನಾವು ಮಕ್ಕಳು ಬಾಗಿಲ ಸಂದಿಯಿಂದ ನೋಡಿ ಯಾರೋ ಪಾಸಾದರೆಂದು ತಿಳಿಯುತ್ತಿದ್ದೆವು. ನಾನೂ ಬಕೀಟು ತಂದಿಟ್ಟುಕೊಂಡೆ. ಪೆಡಲಿಗೆ ಒಂದು ಕಾಲು ಬೇಕಲ್ಲ, ಆದ್ದರಿಂದ ಬಲಗಾಲು ಪೆಡಲಿನ ಮೇಲೆ, ಎಡಗಾಲು ನೀರಿನಲ್ಲಿ. ಆಫೀಸಿನಿಂದ ಬಂದ ನಮ್ಮವರು ಇದನ್ನು ನೋಡಿ ಬೆಳ್ಳಗಾದರು. ನೀರು ಮತ್ತು ವಿದ್ಯುತ್ತಿನ ಸಂಬಂಧದ ಮೇಲೆ ಊಟದ ಹೊತ್ತಿನವರೆಗೂ ಉಪನ್ಯಾಸ ಕೊಟ್ಟರು. ಅವರು ಹೇಳಿದ್ದು ಸರಿಯೇ ಇತ್ತು. ಅವರ ಜೊತೆಗಿನ ತೊಂದರೆಯೇ ಅದು, ನಡುನಡುವೆ ಸರಿಯಾದದ್ದನ್ನು ಹೇಳಿಬಿಡುತ್ತಾರೆ.

ಉಪನ್ಯಾಸದ ಫಲವಾಗಿ ತಜ್ಞರನ್ನು ಕರೆಸಲಾಯಿತು. ತಜ್ಞರೆಂದರೆ ಸೂರತ್ತಿನಲ್ಲಿದ್ದ ಕಟ್ಟಿಯವರು, ನಮ್ಮವರ ಕಾಲೇಜು ಗೆಳೆಯ. ಅಲ್ಲಿನ ಪಾಂಡೇಸರಾದಲ್ಲಿ ಸೀರೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಅವರು ಮ್ಯಾನೇಜರು. ಭಾನುವಾರ ಬಂದು, ನಾಲ್ಕು ಜೋಳದ ರೊಟ್ಟಿ ತಿಂದು, ನನ್ನ ಕುರ್ಚಿಯಲ್ಲಿ ತುಸು ಹೊತ್ತು ಕೂತು, "ಅಡ್ಡಿಯಿಲ್ಲ, ನಮ್ಮ ಬಾಯ್ಲರ್ ಖೋಲಿಕಿಂತಾ ತಣ್ಣಗ ಅದ" ಎಂದು ಪ್ರಮಾಣಪತ್ರ ಕೊಟ್ಟರು. ಅವರ ಸಲಹೆಯಂತೆ ರಟ್ಟಿನ ಡಬ್ಬಿಗಳನ್ನು ಜೋಡಿಸಿ ಒಂದು ಕೊಳವೆ ಮಾಡಿ, ತುದಿಗೆ ಹೊರಗೆ ಗಾಳಿ ದಬ್ಬುವ ಫ್ಯಾನು ಕೂಡಿಸಲಾಯಿತು. ಇನ್ವರ್ಟರಿನ ಬಿಸಿಗಾಳಿ ಮೇಜಿನ ಕೆಳಗಿಂದ ಹೊರಟು, ಗೋಡೆ ದಾಟಿ, ನೇರವಾಗಿ ಪಕ್ಕದ ಮನೆಯ ಕೋಕಿಲಾಬೇನರ ಬಾಲ್ಕನಿಗೆ ಹೋಗುತ್ತಿತ್ತು.

ಮರುದಿನವೇ ಕೋಕಿಲಾಬೇನ್ ನಮ್ಮ ಬಾಗಿಲು ಬಡಿದರು. ಜಗಳಕ್ಕೆ ತಯಾರಾಗಿ ತೆರೆದೆ. ಅವರು ಸೀದಾ ನನ್ನ ಆಫೀಸಿಗೆ ಹೋಗಿ, ಕೊಳವೆ ನೋಡಿ, ಗಾಜು ಮುಟ್ಟಿ, ಬೆವರು ಒರೆಸಿಕೊಂಡು ಹೊರಟುಹೋದರು. ತಿರುಗಿ ಬಂದಾಗ ಕೈಯಲ್ಲಿ ಬಿಳಿ ಬಟ್ಟೆ ಬಿಗಿದ ಸ್ಟೀಲ್ ಪಾತ್ರೆ. ಗುಜರಾತಿನಲ್ಲಿ ಬೇಸಿಗೆ ಬಂತೆಂದರೆ ಮಾವಿನಕಾಯಿ ತುರಿದು ಸಕ್ಕರೆ ಬೆರೆಸಿ ಬಿಸಿಲಿಗಿಡುತ್ತಾರೆ, ದಿನಗಳು ಕಳೆದಂತೆ ಅದು ಬಿಸಿಲಲ್ಲೇ ಪಾಕವಾಗುತ್ತದೆ, ಛುಂದೋ ಎನ್ನುತ್ತಾರೆ. "ತಾರಸಿಯ ಮೇಲೆ ಕೋತಿಗಳ ಕಾಟ, ಬೇನ್" ಎಂದು ಅವರು ಹಿಂದಿಯಲ್ಲಿ ಹೇಳಿದರು, "ನಿಮ್ಮ ಆಫೀಸಿನಲ್ಲಿ ಬೇಗ ಆಗುತ್ತದೆ." ಆಯಿತು ಕೂಡ. ಅಹಮದಾಬಾದಿನಲ್ಲಿ ನನ್ನ ಕಚೇರಿಗೆ ಸಂದ ಮೊದಲ ಮನ್ನಣೆ ಅದು.

ಕೊಳವೆ ಸೋತಿತೆಂದು ಒಪ್ಪಿಕೊಳ್ಳುವ ಬದಲು ನಮ್ಮವರು ಕೂಲರು ತಂದರು. ಒದ್ದೆ ಹುಲ್ಲಿನ ಮೂಲಕ ಗಾಳಿ ಬೀಸುವ ದೊಡ್ಡ ತಗಡಿನ ಪೆಟ್ಟಿಗೆ. ಬಾಲ್ಕನಿಯಲ್ಲಿ ಜಾಗವಿಲ್ಲದೆ ಅದನ್ನು ಬಾಗಿಲ ಬಾಯಿಗೆ ನಿಲ್ಲಿಸಿದರು. ಧೂಳು ಬರುತ್ತದೆಂದು ಗಾಜು ತೆರೆಯಗೊಡಲಿಲ್ಲ. ಮುಚ್ಚಿದ ಜಾಗದಲ್ಲಿ ಕೂಲರು ಬೀಸಿದರೆ ಏನಾಗುತ್ತದೆಂದು ಇಡ್ಲಿಗೆ ಗೊತ್ತು. ಅಲ್ಲಿಯವರೆಗೆ ನಾನು ಹುರಿಯುತ್ತಿದ್ದೆ, ಈಗ ಬೇಯತೊಡಗಿದೆ. ಕರೆಂಟು ಹೋದರೆ ಕೂಲರು ನಿಲ್ಲುತ್ತಿತ್ತಲ್ಲ, ಅದಕ್ಕೂ ನಮ್ಮವರು ಪರಿಹಾರ ಕಂಡುಹಿಡಿದರು. ಕೂಲರನ್ನೇ ಇನ್ವರ್ಟರಿಗೆ ಜೋಡಿಸಿದರು. ಇನ್ವರ್ಟರಿನ ಕಾವು ಇಳಿಸಲು ಕೂಲರು, ಕೂಲರು ಓಡಿಸಲು ಇನ್ವರ್ಟರು. ದಿನವೂ ಬೆಳಿಗ್ಗೆ ಕೂಲರಿಗೆ ಕೊಡಗಟ್ಟಲೆ ನೀರು ಹೊಯ್ದರು. ಬ್ಯಾಟರಿಗೂ ಆಗಾಗ ನೀರು ಹಾಕಬೇಕೆಂಬುದು ಆ ಗದ್ದಲದಲ್ಲಿ ಮರೆತುಹೋಯಿತು.

ಅತ್ತೆಗೆ ಈಗ ಶಾಖ ಬೇಕಿರಲಿಲ್ಲ. ಆದರೂ ಮಣೆ ತಪ್ಪಲಿಲ್ಲ. ಆ ದಿನಗಳಲ್ಲಿ ಅವರಿಗೆ ಒಬ್ಬಳೇ ಚಿಂತೆ. ಪಿತ್ತಕೋಶ ತೆಗೆಸಿಕೊಂಡಿದ್ದ ಒಬ್ಬ ಮುದುಕಿ. ಅತ್ತೆ ಇಟ್ಟ ಹೆಸರು ಗಂಗವ್ವ. ಸರಿಸುಮಾರು ಅತ್ತೆಯದೇ ವಯಸ್ಸು. ಆಪರೇಶನ್ ಆದ ಮೇಲೆ ಜ್ವರ ಬಂದು ಇಳಿದಿರಲಿಲ್ಲ. ಆ ಡಾಕ್ಟರರ ಕ್ಯಾಸೆಟ್ಟುಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದುದರಿಂದ ಪ್ರತಿ ಸಲವೂ ಅತ್ತೆ ಕಿವಿಯಾಗಿ ಕೂಡುತ್ತಿದ್ದರು. ಹೊರಗೆ ತಂಪಾಗಿ ಮಲಗಿರಿ, ಬಂದರೆ ಹೇಳುತ್ತೇನೆ ಎಂದರೆ, "ನೀ ಅರ್ಧಾ ಮರ್ತು ಹೇಳ್ತಿ" ಎನ್ನುವರು.

ಮೇ ತಿಂಗಳ ಒಂದು ಶನಿವಾರ. ಬೆಳಗಿನಿಂದ ಕರೆಂಟಿರಲಿಲ್ಲ. ಕೂಲರು ಓಡಿ ಓಡಿ ಬ್ಯಾಟರಿಗಳನ್ನು ಬರಿದು ಮಾಡಿತ್ತು. ಮಧ್ಯಾಹ್ನ ಕರೆಂಟು ಬಂತು. ಬಂದ ಕರೆಂಟನ್ನು ಇನ್ವರ್ಟರು ಹಸಿದವರ ಹಾಗೆ ಬ್ಯಾಟರಿಗೆ ತುರುಕತೊಡಗಿತು. ನಾನು ಹೆಡ್‌ಫೋನಿನೊಳಗಿದ್ದೆ. ಮೊದಲು ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಕೆಳಗೆ ಬಗ್ಗಿದೆ. ಬ್ಯಾಟರಿಗಳು ಕುದಿಯುವ ಅನ್ನದ ಪಾತ್ರೆಯ ಹಾಗೆ ಬುಳುಬುಳು ಎನ್ನುತ್ತಿದ್ದವು. ಪಕ್ಕದಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದರು. "ಅತ್ತೀ, ಏಳ್ರಿ" ಎಂದೆ. ಏಳಲಿಲ್ಲ. ಭುಜ ಹಿಡಿದರೆ ತಲೆ ನನ್ನ ತೋಳಿನ ಮೇಲೆ ವಾಲಿತು. ಕುಪ್ಪಸ ಹಿಂಡುವಷ್ಟು ಒದ್ದೆಯಾಗಿತ್ತು.

ನಮ್ಮವರು ಪಡಸಾಲೆಯಲ್ಲಿದ್ದರು. ನಾನು ಕೂಗಿದ ರೀತಿಗೆ ಪ್ರಶ್ನೆ ಕೇಳದೆ ಓಡಿ ಬಂದರು. ಮೇನ್ ಸ್ವಿಚ್ಚು ಆರಿಸಿ, ಕೂಲರನ್ನು ಒದ್ದು ಸರಿಸಿ, ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಆ ಕಟ್ಟಡದಲ್ಲಿ ಎಲ್ಲಕ್ಕಿಂತ ತಂಪಾದ ಜಾಗವೆಂದರೆ ಮೆಟ್ಟಿಲ ಮುಂದಿನ ಕಲ್ಲಿನ ನೆಲ. ಅಲ್ಲಿ ಮಲಗಿಸಿದೆವು. ಕೋಕಿಲಾಬೇನ್ ಬಾಗಿಲು ತೆರೆದು ನೋಡಿ, ಒಳಗೆ ಹೋಗಿ, ಒದ್ದೆ ಟವೆಲು, ಉಪ್ಪು ಹಾಕಿದ ಮಜ್ಜಿಗೆ ತಂದರು. ನಾನು ಅಂಗಾಲು ತಿಕ್ಕುತ್ತಿದ್ದೆ. ನಮ್ಮವರು ವಿಮೆಯ ಫೈಲಿನಿಂದ ಗಾಳಿ ಬೀಸುತ್ತಿದ್ದರು. ಫೈಲಿನ ಹಾಳೆಗಳು ಒಂದೊಂದಾಗಿ ಮೆಟ್ಟಿಲ ಮೇಲೆ ಚೆಲ್ಲಿಹೋಗುತ್ತಿದ್ದರೂ ಅತ್ತ ನೋಡಲಿಲ್ಲ. ಅದನ್ನು ನೋಡಿದಾಗ ಅವರಿಗೆ ಹೇಳಬೇಕೆಂದು ತಿಂಗಳುಗಟ್ಟಲೆ ಹರಿತ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ನನಗೆ ಮರೆತೇ ಹೋದವು.

ಅತ್ತೆ ಕಣ್ಣು ಬಿಟ್ಟರು. ಮಜ್ಜಿಗೆ ಕುಡಿದರು. ಕೆಳಗಿನ ಮನೆಯ ಡಾಕ್ಟರು ಬಂದು ನಾಡಿ ನೋಡಿ, ಬಿಸಿಲ ಝಳ, ಗಾಬರಿಯಿಲ್ಲ, ತಂಪಿನಲ್ಲಿರಲಿ ಎಂದು ಹೇಳಿ ಹೋದರು. ಎಲ್ಲರೂ ಉಸಿರು ಬಿಟ್ಟೆವು. ಒಳಗೆ ಕರೆದುಕೊಂಡು ಬಂದು ಅತ್ತೆಯನ್ನು ಅವರ ಕೋಣೆಯ ಚಾಪೆಯ ಮೇಲೆ ಮಲಗಿಸಿದ ಮೇಲೆ ನಮ್ಮವರು ನನ್ನ ಕಡೆ ತಿರುಗಿದರು.

"ಸಾಕು ಸುಮಾ. ಇನ್ನ ಈ ಕೆಲಸ ಬ್ಯಾಡ. ಫಾಲ್ಗುಣಿಬೇನಿಗೆ ನಾನ ಫೋನ್ ಮಾಡಿ ಹೇಳ್ತೀನಿ."

ಮನೆಯೊಳಗೆ ಭಟ್ಟಿ ಕಟ್ಟಿದವರು ಅವರು, ಅದರೊಳಗೆ ಬೆಂದವರು ನಾವು, ಈಗ ತಪ್ಪು ಹೊರಬೇಕಾದದ್ದು ನನ್ನ ಟೈಪಿಂಗು. ಬೇರೆ ದಿನವಾಗಿದ್ದರೆ ಇದನ್ನೇ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ. ಅವರ ತಾಯಿ ಅಲ್ಲಿ ಮಲಗಿದ್ದಾರೆ, ನಾನು ಯಾವ ಬಾಯಲ್ಲಿ ಕೆಲಸ ಬಿಡುವುದಿಲ್ಲವೆನ್ನಲಿ? ಅಷ್ಟು ಬೇಸಿಗೆಯಲ್ಲಿ ಮೊದಲ ಸಲ ಕೈಕಾಲು ತಣ್ಣಗಾದವು. ಅವರು ಫೋನಿನ ಕಡೆ ಹೊರಟರು.

"ವಸಂತಾ" ಎಂದರು ಅತ್ತೆ ಮಲಗಿದಲ್ಲಿಂದಲೇ. "ಒಲಿ ಕಾವು ಭಾಳಾತಂದ್ರ ಒಲಿ ಹೊರಗ ಇಡ್ತಾರೋ, ಅಡಿಗಿ ಮಾಡೋಕಿನ್ನ ಹೊರಗ ಹಾಕ್ತಾರೋ?"

"ಅವ್ವಾ, ನೀ ಸುಮ್ಮ ಮಲಕೋ. ನಿನ್ನ ತಬ್ಯತ್ತು ನೆಟ್ಟಗಿಲ್ಲ."

"ನನ್ನ ತಬ್ಯತ್ತು ನೆಟ್ಟಗ ಅದ. ನಿನ್ನ ಕಾಜಿನ ಡಬ್ಬಿ ನೆಟ್ಟಗಿಲ್ಲ. ಅಕಿ ಮೇಜು ಇಲ್ಲೆ ನನ್ನ ಖೋಲಿಗೆ ತಂದು ಹಾಕು. ನಿನ್ನ ಪೆಟ್ಟಿಗಿ ಎಲ್ಲಾ ಅಲ್ಲೇ ಇರ್ಲಿ, ಕಿಡಕಿ ತೆಗೆದಿಡು."

"ಅಲ್ಲಿಂದ ಇಲ್ಲಿಗೆ ವಾಯರ್ ಭಾಳ ಉದ್ದ ಆಗ್ತದವ್ವಾ."

"ಆಗ್ಲಿ. ವಾಯರಿಗೇನು ಮಣಕಾಲ ನೋವು ಅದ ಏನು? ನಡಕೋತ ಬರ್ಲಿ."

ನಮ್ಮವರು ಕೈಗೆತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟರು. ಆಮೇಲೆ ಹೋಗಿ ಮೇಜಿನ ಒಂದು ತುದಿ ಹಿಡಿದು, "ಸುಮಾ, ಆ ಕಡೆ ಹಿಡಿ" ಎಂದರು. ಅದಕ್ಕಿಂತ ದೊಡ್ಡ ಕ್ಷಮಾಪಣೆಯ ಮಾತನ್ನು ನಾನು ಅವರ ಬಾಯಿಂದ ಈವರೆಗೂ ಕೇಳಿಲ್ಲ, ಕೇಳಬೇಕೆಂದೂ ಇಲ್ಲ.

ಅತ್ತೆಯ ಕೋಣೆ ಉತ್ತರಕ್ಕಿತ್ತು. ಬ್ಯಾಟರಿಗಳು ಬದಲಾದವು, ಬಾಲ್ಕನಿಯ ಗಾಜುಗಳು ಸರಿದವು, ವಾಯರು ಗೋಡೆಯಂಚಿನಲ್ಲಿ ನಡೆದುಕೊಂಡೇ ಬಂತು. ಕಾಲ ಬಳಿಯ ಗುಂಯ್‌ಗಾಟ ಇಲ್ಲವಾದ್ದರಿಂದ ಮೇಲೆ ಫ್ಯಾನು ತಿರುಗಿದರೂ ಡಾಕ್ಟರು ಚೆನ್ನಾಗಿ ಕೇಳುತ್ತಿದ್ದರು. ಕೂಲರನ್ನು ಕಿಟಕಿಯ ಹೊರಗೆ ತೂಗಿಹಾಕಿದ ಮೇಲೆ ಅದು ಕೂಡ ತಾನು ಕೂಲರೆಂದು ನೆನಪಿಸಿಕೊಂಡಿತು. ಈ ಬದಲಾವಣೆಯಿಂದ ನಷ್ಟವಾದದ್ದು ಕೋಕಿಲಾಬೇನರಿಗೆ ಮಾತ್ರ. ಅವರ ಛುಂದೋ ಮತ್ತೆ ಕೋತಿಗಳ ಪಾಲಾಯಿತು.

ಮುಂದಿನ ವಾರ ಆ ಡಾಕ್ಟರರ ಕ್ಯಾಸೆಟ್ಟು ಬಂತು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಕೇಳುತ್ತ ಟೈಪು ಮಾಡುತ್ತ ಹೋದೆ. ಅವರಿಗೆ ತಡೆಯಲಾಗಲಿಲ್ಲ.

"ಗಂಗವ್ವ ಏನಾದ್ಲು?"

"ಹೋದ್ಲು, ಅತ್ತೀ" ಎಂದೆ ಪರದೆಯ ಮೇಲಿಂದ ಕಣ್ಣು ತೆಗೆಯದೆ.

"ಅಯ್ಯ ದೇವರೇ" ಎಂದರು ಅತ್ತೆ. ಆ ದನಿಯಿಂದ ನನ್ನ ಮಾತಿನ ಅವಾಂತರ ನನಗೆ ಹೊಳೆದು ಗಡಬಡಿಸಿ ತಿರುಗಿದೆ. "ಮನೀಗೆ ಹೋದ್ಲು, ಅತ್ತೀ. ಜ್ವರ ಇಳೀತು. ಆಸ್ಪತ್ರಿಂದ ಮನೀಗೆ ಕಳಿಸ್ಯಾರ."

"ಹಂಗ ಬಿಡಿಸಿ ಹೇಳ್ಬೇಕು" ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೆರಗು ಕೊಡವಿಕೊಂಡು ಕೇಳಿದರು, "ಇಷ್ಟ ದಿನ ಮಲಗಿದ್ಲಲ್ಲ, ಸೊಸಿ ನೋಡ್ಲಿಕ್ಕೆ ಬಂದಿದ್ಲಂತೇನು?"

"ಅದನ್ನ ಡಾಕ್ಟರು ಹೇಳಿಲ್ರೀ."

"ಮುಖ್ಯ ಮಾತ ಬಿಟ್ಟಾನ. ಎಂಥಾ ಡಾಕ್ಟರೋ."

ಅಷ್ಟರಲ್ಲಿ ಬಾಗಿಲಲ್ಲಿ ನಮ್ಮವರು ಕಾಣಿಸಿಕೊಂಡರು. ಕೈಯಲ್ಲಿ ಅಳತೆಯ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಈ ಕೋಣೆಯ ಕಿಟಕಿಗೂ ಒಂದು ಸಣ್ಣ ಗಾಜಿನ ಕೆಲಸ ಮಾಡಿಸಿದರೆ ಹೇಗೆ ಎಂದು ಒಳಗೆ ಕಾಲಿಟ್ಟರು. ಅತ್ತೆ ಮಂಚದಿಂದ ಇಳಿದರು. ನೋವಿನ ಕಾಲನ್ನು ಎಳೆದುಕೊಂಡು ಬಾಗಿಲವರೆಗೂ ನಡೆದು ಹೋಗಿ, ಮಗನ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದೆ ದಬ್ಬಿದರು.

"ಆಮ್ಯಾಲೆ ಬಾ, ವಸಂತಾ" ಎಂದರು. "ಈಗ ನಮಗ ಕೆಲಸ ಅದ."

ಬಾಗಿಲು ಮುಚ್ಚಿತು. ಅತ್ತೆ ಬಂದು ಮಂಚದ ಮೇಲೆ ಕೂಡುವವರೆಗೂ ಕಾದೆ. ಆಮೇಲೆ ಪೆಡಲು ಒತ್ತಿದೆ.